ಹಗ್ಗಕ್ಕೆ ಕಿವಿ ಕೊಟ್ಟ ನೀಲಾವತಿ

ಹಗ್ಗಜಗ್ಗಾಟದಲ್ಲಿ ಕೊನೆಯ ಜಾಗ ಎನ್ನುವುದು ಬಸ್ಸಿನ ಕೊನೆಯ ಸೀಟಿನಂಥದ್ದಲ್ಲ. ಬೇರೆಲ್ಲೂ ಜಾಗ ಸಿಗದವರು ಅಲ್ಲಿಗೆ ಹೋಗುವುದಿಲ್ಲ. ಹಗ್ಗದ ತುದಿಯನ್ನು ಬೆನ್ನಿಗೆ ಸುತ್ತಿ ಹೆಗಲ ಮೇಲಿಂದ ಇಳಿಬಿಟ್ಟು, ಹಿಮ್ಮಡಿಗಳನ್ನು ಕೆಸರಿನಲ್ಲಿ ಊರಿ ಹಿಂದಕ್ಕೆ ಒರಗಿದರೆ, ಮುಂದೆ ನಿಂತ ಏಳು ಜನರ ಮಾನ ಆ ಒಂದು ಬೆನ್ನಿನ ಮೇಲೆ. ನಾಪೋಕ್ಲು ಬಳಿಯ ಆ ಊರಿನ ಹೆಂಗಸರ ತಂಡದಲ್ಲಿ ಆ ಬೆನ್ನು ನೀಲಾವತಿಯದು.

ಅದು ಅವಳು ಕೇಳಿ ಪಡೆದ ಪದವಿಯಲ್ಲ. ಮೊಣ್ಣಪ್ಪನನ್ನು ಮದುವೆಯಾಗಿ ಬಂದ ಹೊಸತರಲ್ಲಿ ಊರಿನ ಆಟೋಟಕ್ಕೆ ರೇಷ್ಮೆ ಸೀರೆ ಉಟ್ಟುಕೊಂಡು ನೋಡಲು ಹೋಗಿದ್ದಳು. ಕೊನೆಯ ಜಾಗದಲ್ಲಿದ್ದ ಹೆಂಗಸಿನ ಮಗು ದಡದಲ್ಲಿ ಅಳತೊಡಗಿತು. ಆಕೆ ಹಗ್ಗದ ತುದಿಯನ್ನು ಹತ್ತಿರ ನಿಂತಿದ್ದ ಮದುಮಗಳ ಕೈಗಿತ್ತು, "ಒಂದ್ ಚೂರು ಹಿಡ್ಕೊಂಡಿರ್, ಈಗ ಬಂದೆ" ಎಂದು ಹೋದಳು. ಪೀಪಿ ಊದಿಯೇಬಿಟ್ಟರು. ಮದುಮಗಳು ಹಿಡಿದುಕೊಂಡಿರು ಎಂದದ್ದನ್ನು ಅಕ್ಷರಶಃ ಪಾಲಿಸಿದಳು. ಎದುರಿನ ತಂಡವೇ ಕೈಬಿಟ್ಟಿತು. ಆ ಮಗುವಿಗೆ ಈಗ ಎರಡು ಮಕ್ಕಳು. ನೀಲಾವತಿಯ "ಒಂದ್ ಚೂರು" ಇನ್ನೂ ಮುಗಿದಿಲ್ಲ.

ಹೊರಗಿನಿಂದ ನೋಡಿದರೆ ಅವಳೊಬ್ಬಳು ಸಾಧಾರಣ ಗೃಹಿಣಿ. ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ, ಹಟ್ಟಿಯಲ್ಲಿ ಹಸು, ಅಂಗಳದಲ್ಲಿ ಕೋಳಿ, ಒಳಗೆ ಮೊಣ್ಣಪ್ಪ. ಈ ಎಲ್ಲವನ್ನೂ ಹೊತ್ತುಹೊತ್ತಿಗೆ ಕಟ್ಟಿ, ಬಿಚ್ಚಿ, ಅಟ್ಟಿ, ಬಡಿಸಿ ಅವಳ ತೋಳು ಗಟ್ಟಿಯಾಗಿತ್ತು. ವರ್ಷಕ್ಕೊಮ್ಮೆ ಆಗಸ್ಟಿನ ಕೆಸರುಗದ್ದೆ ಆಟದ ದಿನ ಮಾತ್ರ ಅವಳು ಬೇರೆಯೇ ಹೆಂಗಸು. ಆ ದಿನ ಅಡುಗೆ ಮೊಣ್ಣಪ್ಪನದು. ಮನೆಯವರೆಲ್ಲ ಗೆಲುವಿಗೆ ಪ್ರಾರ್ಥಿಸುತ್ತಿದ್ದರು. ಗೆದ್ದರೆ ಬಹುಮಾನದ ಬಾಳೆಗೊನೆಯಾದರೂ ತಿನ್ನಲು ಸಿಗುತ್ತದಲ್ಲ.

ಇಂಥ ನೀಲಾವತಿಗೆ ಒಂದೆರಡು ವರ್ಷಗಳಿಂದ ಕಿವಿ ಮಂದವಾಗುತ್ತ ಬಂತು.

ಮೊದಮೊದಲು ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಎಲ್ಲ ಮಾತಿಗೂ ಹೊಂದುವ ಒಂದು ಉತ್ತರ ಇಟ್ಟುಕೊಂಡಿದ್ದಳು: ತಲೆ ಅಲ್ಲಾಡಿಸಿ, ನಗುತ್ತಾ, "ಅದೇ ಅಲ್ಲಾ ಮತ್ತೆ!" ಈ ಉತ್ತರ ಬಹಳ ದಿನ ಬಾಳಿಕೆ ಬಂತು. ಕೊನೆಗೆ ಪಕ್ಕದ ತೋಟದವರು ಬಂದು ಹಸು ಕಾಣೆಯಾಗಿದೆ ಎಂದು ಗೋಳಾಡಿದಾಗಲೂ ಅದೇ ನಗು, ಅದೇ ಉತ್ತರ ಬಂದು ಗುಟ್ಟು ರಟ್ಟಾಯಿತು. ಮೊಣ್ಣಪ್ಪ ಅವಳನ್ನು ಮಡಿಕೇರಿಗೆ ಕರೆದೊಯ್ದು ಕಿವಿಗೆ ಮೆಷಿನ್ ಹಾಕಿಸಿದ. ಮೆಷಿನ್ ಒಳ್ಳೆಯದೇ. ಮನೆಯಲ್ಲಿ, ಮದುವೆಮನೆಯಲ್ಲಿ ಚೆನ್ನಾಗಿ ಕೇಳಿಸುತ್ತಿತ್ತು. ಮೊಣ್ಣಪ್ಪ ಗೊಣಗುವುದೂ ಕೇಳಿಸತೊಡಗಿ ಅವನಿಗೇ ಕಷ್ಟವಾಯಿತು. ಆದರೆ ಅದನ್ನು ಮಳೆಗೂ ಕೆಸರಿಗೂ ಇಳಿಸುವ ಹಾಗಿಲ್ಲ. ಹಗ್ಗಜಗ್ಗಾಟ ನಡೆಯುವುದೋ ಮಳೆಯಲ್ಲಿ, ಕೆಸರಿನಲ್ಲಿ.

ಕಷ್ಟ ಬಂದದ್ದು ಅಲ್ಲೇ. ಮೊಣ್ಣಪ್ಪನ ತಮ್ಮನ ಮಗಳು ಪೂಜಿತಾ ತಂಡದ ನಾಯಕಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ದೊಡ್ಡ ಗಂಟಲು. ಬದುವಿನ ಮೇಲೆ ನಿಂತು ಅವಳು "ಎಳೆ!" ಎಂದಾಗ ಎಂಟೂ ಜನ ಒಟ್ಟಿಗೆ ಎಳೆಯಬೇಕು. ಹೋದ ವರ್ಷದ ಫೈನಲ್ಲಿನಲ್ಲಿ ಏಳು ಜನ ಎಳೆದರು, ಎಂಟನೆಯವಳು ಕಣ್ಣು ಮಿಟುಕಿಸುವಷ್ಟು ತಡವಾಗಿ ಎಳೆದಳು. ಬ್ರೇಕ್ ಹಾಕಿದ ರೈಲಿನ ಬೋಗಿಗಳ ಹಾಗೆ ಒಬ್ಬರ ಮೇಲೊಬ್ಬರು ಬಿದ್ದರು. ಬಾಳೆಗೊನೆ ಕುಶಾಲನಗರದ ಕಡೆಯ ತಂಡದ ಟೆಂಪೋ ಹತ್ತಿ ಹೋಯಿತು.

ಈ ವರ್ಷ ಆಟ ಹತ್ತಿರ ಬರುತ್ತಿದ್ದಂತೆ ತಂಡದವರು ನೀಲಾವತಿಯ ಜಗಲಿಯಲ್ಲೇ ಸಭೆ ಸೇರಿದರು. ಅವಳೇ ಮಾಡಿದ ಕಡುಬನ್ನು ತಿನ್ನುತ್ತಾ, ಅವಳನ್ನು ತೆಗೆದುಹಾಕುವ ಬಗ್ಗೆ ತಗ್ಗಿದ ದನಿಯಲ್ಲಿ ಚರ್ಚಿಸಿದರು. ಪಾಲಿಬೆಟ್ಟದಿಂದ ಸೊಸೆಯಾಗಿ ಬಂದ ಹೊಸ ಹುಡುಗಿಯೊಬ್ಬಳಿದ್ದಾಳೆ, ಗೊಬ್ಬರದ ಮೂಟೆಯನ್ನು ಒಬ್ಬಳೇ ಎತ್ತುತ್ತಾಳಂತೆ, ಅವಳನ್ನು ಹಾಕೋಣ ಎಂದಾಯಿತು. ನೀಲಾವತಿ ಉದ್ದ ಬೆಂಚಿನ ತುದಿಯಲ್ಲಿ ಕೂತು ಎಲ್ಲರಿಗೂ ಕಾಫಿ ಮುಂದು ಮಾಡುತ್ತಿದ್ದಳು. ಮೆಷಿನ್ ಚಾರ್ಜಿಗೆ ಹಾಕಿತ್ತು. ಒಂದು ಅಕ್ಷರವೂ ಕೇಳಿಸಲಿಲ್ಲ.

ಆದರೂ ತಿಳಿಯಿತು. ಬೆಂಚಿನ ಆ ತುದಿಯಲ್ಲಿ ಕೂತಿದ್ದ ಅಶ್ವಿತಾ ಎಂಬ ಹುಡುಗಿಯ ಮೊಣಕಾಲು ಬೆಂಚಿನ ಹಲಗೆಯನ್ನು ಗಡಗಡ ನಡುಗಿಸುತ್ತಿತ್ತು. ಆ ಹುಡುಗಿ ಸುಳ್ಳು ಹೇಳುವಾಗಲೂ ಭಯವಾದಾಗಲೂ ಹಾಗೇ. ಯಾವುದೋ ಒಂದು ಮಾತಿಗೆ ಬೆಂಚು ಪೂರ್ತಿ ಸ್ತಬ್ಧವಾಯಿತು. ಕಾನ್ವೆಂಟಿನ ಪ್ರಾರ್ಥನೆಯ ಹೊತ್ತಿನಲ್ಲಿ ಸಿಸ್ಟರ್ ಒಳಗೆ ಬಂದಾಗ ಆಗುತ್ತದಲ್ಲ, ಅಂಥ ನಿಶ್ಶಬ್ದ. ಕಡುಬನ್ನು ಯಾರೂ ಎರಡನೇ ಸಲ ಕೇಳಲಿಲ್ಲ. ತನ್ನ ಕಡುಬನ್ನು ಎರಡನೇ ಸಲ ಕೇಳದವರು ಏನೋ ಪಾಪ ಮಾಡಿರಲೇಬೇಕು ಎಂದು ನೀಲಾವತಿಗೆ ಖಾತ್ರಿಯಾಯಿತು.

ಮಾರನೇ ದಿನ ಮಳೆ ಬಿಟ್ಟು ಸ್ವಲ್ಪ ಹೊಳವಾಗಿತ್ತು. ವಿಷಯ ತಿಳಿಸುವ ಹೊಣೆ ಪೂಜಿತಾಳ ಮೇಲೆ ಬಿದ್ದಿತ್ತು. ಅವಳು ದೊಡ್ಡವ್ವನನ್ನು ಹುಡುಕಿಕೊಂಡು ತೋಟಕ್ಕೆ ಬಂದಳು. ನೀಲಾವತಿ ಕಾಫಿ ಗಿಡಕ್ಕೂ ಸಿಲ್ವರ್ ಮರಕ್ಕೂ ನಡುವೆ ಅಲ್ಲಾಡದೆ ನಿಂತಿದ್ದಳು. ಮುಂದೆ ಕೊಡೆಯಷ್ಟು ಅಗಲದ ಬಲೆ. ಬಿಸಿಲು ಬಿದ್ದಾಗ ಆ ನೂಲು ಚಿನ್ನದ ಜರಿಯ ಹಾಗೆ ಹೊಳೆಯುತ್ತಿತ್ತು. ನಡುವೆ ತಲೆಕೆಳಗಾಗಿ ಕೂತಿತ್ತು ಅಂಗೈ ಅಗಲದ ಕಾಡುಜೇಡ. ಕಾಫಿ ಕೊಯ್ಯುವವರು ಮುಖಕ್ಕೆ ಸಿಕ್ಕಿಸಿಕೊಂಡು ಬೈಯುತ್ತಾರಲ್ಲ, ಅದೇ ಜೇಡ.

"ದೊಡ್ಡವ್ವಾ," ಎಂದಳು ಪೂಜಿತಾ. ಕೇಳಿಸಲಿಲ್ಲ. ಹೆಗಲು ಮುಟ್ಟಿದಳು.

"ಶ್!" ನೀಲಾವತಿ ಬೆರಳೆತ್ತಿದಳು. "ನೋಡ್ ಇಲ್ಲಿ."

ಒಂದು ಒಣ ಎಲೆಯ ಚೂರನ್ನು ಬಲೆಗೆ ಹಾಕಿದಳು. ಜೇಡ ಒಂದೆರಡು ಎಳೆಗಳನ್ನು ಕಾಲಿನಿಂದ ಮೀಟಿತು. ಕಾಯಿತು. ಆಮೇಲೆ ಸಾವಕಾಶವಾಗಿ ಹೋಗಿ ಎಲೆಯನ್ನು ಕಿತ್ತು ಕೆಳಗೆ ಬೀಳಿಸಿ ಬಂದು ಕೂತಿತು. ಅಷ್ಟರಲ್ಲಿ ಬಲೆಯ ಅಂಚಿಗೆ ಒಂದು ನೊಣ ಸಿಕ್ಕಿಕೊಂಡಿತು. ಈ ಸಲ ಮೀಟುವುದೂ ಇಲ್ಲ, ಕಾಯುವುದೂ ಇಲ್ಲ. ನೆಟ್ಟಗೆ ಅಲ್ಲಿಗೇ ಓಟ.

"ಎಲೆ ಯಾವುದು, ನೊಣ ಯಾವುದೂಂತ ಇದ್ಕೆ ಹೆಂಗೆ ಗೊತ್ತಾದು? ಕಣ್ಣು ಅಷ್ಟ್ ಚುರುಕಾ?"

ಹೇಳಬೇಕಾದ ಕಹಿಯನ್ನು ಮುಂದೂಡಲು ಪೂಜಿತಾಳಿಗೆ ಇದಕ್ಕಿಂತ ಸಿಹಿಯಾದ ಪ್ರಶ್ನೆ ಬೇಕಿರಲಿಲ್ಲ. ಪಾಠ ಶುರು ಮಾಡಿದಳು. ಮೆಷಿನ್ ಮನೆಯಲ್ಲಿದ್ದುದರಿಂದ ಕೂಗಿಯೇ ಹೇಳಬೇಕಾಯಿತು. ಆಚೆ ಬದಿಯಲ್ಲಿ ಕಳೆ ಕೀಳುತ್ತಿದ್ದವರೂ ಆ ದಿನ ಜೇಡದ ಬಗ್ಗೆ ವಿದ್ಯಾವಂತರಾದರು.

"ಇದ್ಕೆ ಕಣ್ಣು ಎಂಟ್ ಉಟ್ಟು ದೊಡ್ಡವ್ವ, ಆದ್ರೆ ಎಂಟೂ ಮಂದ! ಕಿವಿ ಅಂತೂ ಇಲ್ಲವೇ ಇಲ್ಲೆ! ಇದ್ರ ಕಿವಿ ಎಲ್ಲಾ ಕಾಲಿಲಿ!"

"ಕಾಲಿಲಿ?"

"ಹೂಂ! ಕಾಲಿನ ಗಂಟಿನ ಹತ್ರ ಸಣ್ಣ ಸಣ್ಣ ಸೀಳು ಉಟ್ಟು. ಬಲೆ ಒಂದ್ ಚೂರು ನಡುಗಿದ್ರೆ ಕಾಲು ಬಾಗ್ತದೆ, ಸೀಳು ಒತ್ತಿದಂಗೆ ಆಗ್ತದೆ, ಅದ್ಕೆ ಗೊತ್ತಾಗ್ತದೆ! ನಡುವೆ ಕೂತು ಒಂದೊಂದು ಎಳೆ ಮೇಲೆ ಒಂದೊಂದು ಕಾಲು. ಯಾವ ಕಾಲಿಗೆ ಜಾಸ್ತಿ ನಡುಕ ಬಂತೋ ಆ ಕಡೆ ಊಟ! ಏನೂ ಅಲ್ಲಾಡದಿದ್ರೆ ತಾನೇ ಎಳೆ ಮೀಟಿ ನೋಡ್ತದೆ, ಎಲ್ಲಿ ಭಾರ ಉಟ್ಟೂಂತ."

"ಗಾಳಿ ಬಂದ್ರೆ?"

"ಗಾಳಿಗೆ ಇಡೀ ಬಲೆ ಒಟ್ಟಿಗೆ ತೂಗ್ತದೆ. ಅದಕ್ಕೆಲ್ಲಾ ಇದು ತಲೆ ಕೆಡಿಸ್ಕೊಳ್ಳೂದಿಲ್ಲೆ. ಉಳಿದದ್ದಕ್ಕಿಂತ ಬೇರೆ ಥರ ನಡುಗಿದ ಜಾಗ ಯಾವುದೋ, ಅಲ್ಲಿಗೆ ಮಾತ್ರ ಹೋಗ್ತದೆ."

ನೀಲಾವತಿ ಬಲೆಯ ಮೇಲುತುದಿಯನ್ನು ನೋಡಿದಳು. ಅಲ್ಲೊಂದು ಅಕ್ಕಿಕಾಳಿನಷ್ಟು ಸಣ್ಣ ಜೇಡ. "ಅದೆಂತ ಮರಿಯಾ?"

"ಅಲ್ಲ, ಗಂಡ."

"ಪಾಪ," ಎಂದಳು ನೀಲಾವತಿ. ಮೊಣ್ಣಪ್ಪನ ನೆನಪಾಗಿರಬೇಕು. ಆಮೇಲೆ ತಿರುಗಿ, ಇಷ್ಟು ಹೊತ್ತು ಅದನ್ನೇ ಮಾತಾಡುತ್ತಿದ್ದವಳ ಹಾಗೆ ಕೇಳಿದಳು: "ನನ್ನ ಆ ಜಾಗಂದ ತೆಗಿಯೋಕೆ ತಾನೇ ನೀ ಬಂದದ್ದ್?"

ಪೂಜಿತಾಳ ಕೂಗು ಆ ದಿನ ಮೊದಲ ಸಲ ತಡವರಿಸಿತು. "ನಿಂಗೆ... ಯಾರ್ ಹೇಳ್ದ್?"

"ಬೆಂಚು." ನೀಲಾವತಿ ನಕ್ಕಳು. ನಗು ಬೇಗ ಇಳಿಯಿತು. "ನೋಡ್ ಪೂಜಿ, ನಂಗೆ ಊರಿಲಿ ಬೇರೆ ಎಂತ ಹೆಸರುಟ್ಟು? ಮೊಣ್ಣಪ್ಪನ ಹೆಂಡ್ತಿ, ಅಷ್ಟೇ. ಆ ಹಗ್ಗದ ತುದೀಲಿ ನಿಂತಾಗ ಮಾತ್ರ ಮೈಕಲಿ ನೀಲಾವತಿ ಅಂತಾರೆ. ಕಿವಿ ಹೋದ್ರೆ ಹೋಗ್ಲಿ. ಆ ಜಾಗ ಹೋದ್ರೆ ನಾ ದಡದಲ್ಲಿ ನಿಂಬೆ ಪಾನಕ ಕಲಸ್ತಾ ಇರೋಕು. ಒಂದೇ ಒಂದ್ ಆಟ ಕೊಡ್. ಸೋತ್ರೆ ನಾನೇ ಆ ಪಾಲಿಬೆಟ್ಟದ ಹುಡುಗಿಗೆ ಹಗ್ಗ ಸುತ್ತಿ ಕೊಡ್ತೆ."

ಪೂಜಿತಾ ಜೇಡವನ್ನು ನೋಡಿದಳು, ದೊಡ್ಡವ್ವನನ್ನು ನೋಡಿದಳು. "ಒಂದ್ ಆಟ," ಎಂದಳು. ಅವಳ ತಲೆಯೊಳಗೂ ಏನೋ ಒಂದು ಎಳೆ ಮೀಟಿದಂತಾಗಿತ್ತು.

ಅಂದು ಸಂಜೆಯೇ ಅಂಗಳದಲ್ಲಿ ಪ್ರಯೋಗ. ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ಒಂದು ತುದಿ ಮೊಣ್ಣಪ್ಪನಿಗೆ, ಇನ್ನೊಂದು ನೀಲಾವತಿಗೆ. ಅವಳು ಕಣ್ಣು ಮುಚ್ಚಿಕೊಂಡಳು. ಮೊಣ್ಣಪ್ಪ ಸುಮ್ಮನೆ ಹಿಡಿದು ನಿಂತ.

"ಎಂತದೂ ಗೊತ್ತಾಗುಲೆ."

"ಸಡಿಲ ಬಲೆಲಿ ಸುದ್ದಿ ಓಡೂದಿಲ್ಲೆ," ಎಂದು ಕೂಗಿದಳು ಪೂಜಿತಾ. "ಬಾವ... ಅಲ್ಲ, ದೊಡ್ಡಪ್ಪಾ, ಎಳ್ಕೊಂಡು ನಿಲ್ಲಿ!" ಗಡಿಬಿಡಿಯಲ್ಲಿ ಸಂಬಂಧವೇ ಬದಲಾಗಿತ್ತು.

ಹಗ್ಗ ಬಿಗಿಯಾಯಿತು. ನೀಲಾವತಿಯ ಮುಖದಲ್ಲಿ ನಿಧಾನವಾಗಿ ಬೆಳಕು ಬಂತು. "ಈಗ ಎಡಗಾಲು ಎತ್ತಿದಿರಿ... ಈಗ ಕೆಳಗಿಟ್ಟಿರಿ... ಈಗ ಎಂತದೋ ತುರಿಸ್ಕೊಂತಾ ಇದ್ದೀರಿ."

"ಇನ್ನು ಈ ಮನೇಲಿ ತುರಿಸ್ಕೊಳ್ಳೋಕೂ ಆಗುಲೆ," ಎಂದ ಮೊಣ್ಣಪ್ಪ.

ತಂಡದ ಅಭ್ಯಾಸದಲ್ಲಿ ಎರಡು ನಿಯಮ ಬಂದವು. ಒಂದು, ಎಳೆಯದೆ ಕಾಯುವಾಗಲೂ ಯಾರೂ ಹಗ್ಗ ಸಡಿಲ ಬಿಡಬಾರದು. ಹಿಂದೆಲ್ಲ ಪೂಜಿತಾಳ ಎರಡು ಕೂಗಿನ ನಡುವೆ ಕೈ ಸಡಿಲಿಸಿ ಉಸಿರಾಡುತ್ತಿದ್ದರು. ಆಗ ಆಚೆ ಕಡೆಯ ಸುದ್ದಿ ನಡುವೆಯೇ ಸತ್ತುಹೋಗುತ್ತಿತ್ತು. ಇನ್ನೊಂದು, ಪೂಜಿತಾ ಕೂಗುವಂತಿಲ್ಲ. ಎದುರಾಳಿಗಳು ಕೆಸರಿನಿಂದ ಕಾಲು ಕಿತ್ತು ಬೇರೆಡೆ ಊರುವ ಹೊತ್ತಿನಲ್ಲಿ ಅವರ ಬಲ ಅರೆಗಳಿಗೆ ಕಡಿಮೆಯಾಗುತ್ತದೆ. ಆ ನಡುಕ ಬೆನ್ನಿಗೆ ತಾಗಿದ ತಕ್ಷಣ ನೀಲಾವತಿ ಹೆಗಲಿನಿಂದ ಹಗ್ಗವನ್ನು ಎರಡು ಸಲ ಜಗ್ಗಿ ಕುಲುಕುತ್ತಾಳೆ. ಕುಲುಕು ಕೈಗೆ ಬಂದಾಗ ಏಳೂ ಜನ ಎಳೆಯಬೇಕು. ಎಳೆಯುವ ಅಪ್ಪಣೆ ಎಳೆಯಲ್ಲೇ ಬರುತ್ತದೆ ಎಂದು ಪೂಜಿತಾ ವಿವರಿಸಿದಳು. ಕನ್ನಡ ಮೇಡಂ ಕೇಳಿದ್ದರೆ ಮೆಚ್ಚುತ್ತಿದ್ದರು.

ಬಿಗಿ ಹಿಡಿಯುವುದು ಅವರಿಗೆ ಕಷ್ಟವಾಗಲಿಲ್ಲ. ಎಂಟು ಹೆಂಗಸರು ಒಟ್ಟಿಗೆ ನಿಂತು ಬಾಯಿ ಮುಚ್ಚಿಕೊಂಡಿರುವುದು ಮಾತ್ರ ಮಹಾ ಕಷ್ಟವಾಯಿತು. ಯಾರಾದರೂ ಪಿಸುಗುಟ್ಟಿ ನಕ್ಕರೆ ಆ ನಗುವೂ ಹಗ್ಗದಲ್ಲಿ ಹರಿದು ನೀಲಾವತಿಗೆ ತಲುಪುತ್ತಿತ್ತು. "ಅಶ್ವಿತಾ, ನಗಾಡಬೇಡ!" ಎಂದು ಅವಳು ಕಣ್ಣು ಮುಚ್ಚಿಕೊಂಡೇ ಹಿಂದಿನಿಂದ ಗದರುತ್ತಿದ್ದಳು. ಹುಡುಗಿಯರಿಗೆ ಹೆದರಿಕೆಯೇ ಶುರುವಾಯಿತು.

ಜೇಡದಿಂದ ಕಲಿತ ಪಾಠಕ್ಕೆ ಜೇಡಿಮಣ್ಣಿನಲ್ಲಿ ಪರೀಕ್ಷೆಯ ದಿನ ಬಂತು. ಗದ್ದೆಯ ಸುತ್ತ ಬದುವಿನ ಮೇಲೆಲ್ಲ ಕೊಡೆಗಳು. ಸಣ್ಣ ಮಳೆ. ಫೈನಲ್ಲಿಗೆ ಹೋದ ವರ್ಷದ್ದೇ ಜೋಡಿ. ಕುಶಾಲನಗರದ ಕಡೆಯ ಶುಂಠಿ ಬೆಳೆಯುವ ಮನೆಗಳ ಹೆಂಗಸರು, ಅವರ ಕೊನೆಯ ಜಾಗದಲ್ಲಿ ಮುತ್ತಮ್ಮ. ಒರಳುಕಲ್ಲಿಗೆ ಸೀರೆ ಉಡಿಸಿದಂತೆ ಗಟ್ಟಿ ಹೆಂಗಸು. ಕೂಗಿ ಹುರಿದುಂಬಿಸಲು ಅವಳ ಗಂಡ ಸಿದ್ದರಾಜು. ಮೂರರಲ್ಲಿ ಎರಡು ಎಳೆತ ಗೆದ್ದವರಿಗೆ ಗೊನೆ. ಪಾಲಿಬೆಟ್ಟದ ಹೊಸ ಸೊಸೆ ದಡದಲ್ಲಿ ಸೆರಗು ಸಿಕ್ಕಿಸಿಕೊಂಡು ಸಿದ್ಧವಾಗಿಯೇ ನಿಂತಿದ್ದಳು. ನೀಲಾವತಿ ಅತ್ತ ಒಂದು ಸಲ ನೋಡಿ ಮೆಷಿನ್ ಬಿಚ್ಚಿ ಮೊಣ್ಣಪ್ಪನ ಕೈಗಿತ್ತಳು. ಲೋಕದ ಸದ್ದೆಲ್ಲ ಒಮ್ಮೆಲೇ ಹತ್ತಿಯಲ್ಲಿ ಸುತ್ತಿದಂತಾಯಿತು.

ತೀರ್ಪುಗಾರ ಪೂವಯ್ಯ ಪೀಪಿ ಊದಿದರು.

"ಎಳ್ದಾಕ್ರೀ! ಇನ್ನೊಂದ್ ಕಿತಾ! ಬುಡಬ್ಯಾಡ್ರೀ!" ಸಿದ್ದರಾಜು ಅರಚಿದ. ಈ ಕಡೆ ಪೂರ್ತಿ ಮೌನ. ಬದುವಿನ ಮೇಲಿದ್ದವರೊಬ್ಬರು, "ಇದೆಂತ, ಶ್ರದ್ಧಾಂಜಲಿಯಾ?" ಎಂದರು. ನೀಲಾವತಿ ಕಣ್ಣು ಮುಚ್ಚಿ ಬೆನ್ನನ್ನು ಹಗ್ಗಕ್ಕೆ ಒಪ್ಪಿಸಿದ್ದಳು. ದೂರದಲ್ಲಿ ಏನೋ ಒಂದು ಸಣ್ಣಗೆ ಜಾರಿದಂತೆ, ಆಮೇಲೆ ಅದರ ಪಕ್ಕದಲ್ಲೊಂದು. ಕುಲುಕಿದಳು. ಏಳೂ ಜನ ಎಳೆದರು. ಹಗ್ಗದ ನಡುವಿನ ಕೆಂಪು ಬಟ್ಟೆ ಬೆಣ್ಣೆಯಲ್ಲಿ ಜಾರಿದಂತೆ ಈ ಕಡೆಗೆ ಬಂತು.

ಎರಡನೇ ಎಳೆತದ ನಡುವೆ ಮುಖ್ಯ ಅತಿಥಿಯ ಜೀಪು ಬಂತು. ಅವರನ್ನು ಎದುರುಗೊಳ್ಳಲು ಕಾದಿದ್ದ ವಾಲಗದವರು ಬಾರಿಸಲು ಶುರು ಮಾಡಿಯೇಬಿಟ್ಟರು. ಕೊಡಗಿನಲ್ಲಿ ವಾಲಗ ಎದ್ದ ಮೇಲೆ ಕಾಲು ಅವರವರ ಹಿಡಿತದಲ್ಲಿರುವುದಿಲ್ಲ. ಸೊಂಟ ಹಿಡಿದ ಮುದುಕರೂ ಊರುಗೋಲು ಎತ್ತಿ ಎರಡು ಹೆಜ್ಜೆ ಹಾಕುತ್ತಾರೆ. ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದ ಅಶ್ವಿತಾ ಹಗ್ಗ ಹಿಡಿದಿದ್ದಳು ನಿಜ, ಹಲ್ಲು ಕಚ್ಚಿದ್ದಳು ನಿಜ, ಆದರೆ ಅವಳ ಕಾಲು ಕೆಸರಿನಲ್ಲೇ ತಾಳಕ್ಕೆ ಸರಿಯಾಗಿ ಕುಣಿಯತೊಡಗಿತು.

ನೀಲಾವತಿಗೆ ಬಂದದ್ದು ಬರೀ ನಡುಕ. ತಾಳಕ್ಕೆ ಸರಿಯಾಗಿ ಒಂದರ ಮೇಲೊಂದು. ಅಬ್ಬಾ, ಆಚೆಯವರು ಓಡಾಡುತ್ತಿದ್ದಾರಾ? ಕುಲುಕಿದಳು. ಆಚೆಯವರು ಕಲ್ಲಿನಂತೆ ನಿಂತಿದ್ದರು. ಇವರು ಎಳೆದು ದಣಿದ ಹೊತ್ತು ನೋಡಿ ಮುತ್ತಮ್ಮ ಒಂದೇ ಸಲ ಹಿಂದಕ್ಕೆ ಒರಗಿದಳು. ಎಂಟೂ ಜನ ಮುಗ್ಗರಿಸಿ ಕೆಸರಿಗೆ.

ಈಗ ಒಂದೊಂದು. ಪೂಜಿತಾ ದಡದಲ್ಲಿ ಉಗುರು ಕಚ್ಚುತ್ತಿದ್ದಳು. ಪಾಲಿಬೆಟ್ಟದ ಸೊಸೆ ಒಂದು ಹೆಜ್ಜೆ ಮುಂದೆ ಬಂದಳು. ನೀಲಾವತಿ ಮುಖದ ಕೆಸರು ಒರೆಸಿಕೊಂಡು ಬದುವಿನ ಕಡೆ ನೋಡಿದಳು. ಕೊಡೆಗಳೆಲ್ಲ ಒಂದೇ ತಾಳಕ್ಕೆ ಮೇಲೆ ಕೆಳಗೆ ಆಡುತ್ತಿದ್ದವು. ಆಗ ಹೊಳೆಯಿತು. ಅಶ್ವಿತಾಳ ಕಾಲು ನೋಡಿದಳು. ಅದು ಈಗಲೂ ನಿಂತಿರಲಿಲ್ಲ.

ಹುಡುಗಿ ಅಳುವ ಹಾಗಾಗಿದ್ದಳು. "ನಾ ಬೇಕೂಂತ ಮಾಡ್ದ್ ಅಲ್ಲ ಆಂಟಿ, ಕಾಲು ಕೇಳೂದಿಲ್ಲೆ!"

ಬೈಗುಳ ಬರುತ್ತದೆಂದು ಎಲ್ಲರೂ ಕಾದರು. ನೀಲಾವತಿ ಏಳೂ ತಲೆಗಳನ್ನು ಹತ್ತಿರ ಕರೆದು ಹೇಳಿದಳು: "ಅವಳೊಬ್ಬಳು ಕುಣಿದ್ರೆ ತಾನೇ ನಂಗೆ ಗಲಿಬಿಲಿ? ಎಲ್ಲರೂ ಕುಣೀರಿ. ಹಗ್ಗ ಬಿಗಿ ಹಿಡ್ಕೊಂಡು, ಒಂದೇ ತಾಳಕ್ಕೆ ತೂಗಿ. ಇಡೀ ಬಲೆ ಒಟ್ಟಿಗೆ ತೂಗಿದ್ರೆ ಅದು ಬರೀ ಗಾಳಿ."

ಮೂರನೇ ಎಳೆತ ಶುರುವಾದಾಗ ಜನ ಕಂಡದ್ದು ಇದುವರೆಗೆ ಯಾವ ಗದ್ದೆಯಲ್ಲೂ ಕಾಣದ ನೋಟ. ಹಗ್ಗ ಹಿಡಿದ ಎಂಟು ಹೆಂಗಸರು, ಮೈಯೆಲ್ಲ ಕೆಸರು, ವಾಲಗದ ತಾಳಕ್ಕೆ ಎಡಕ್ಕೆ ಬಲಕ್ಕೆ ತೂಗುತ್ತಿದ್ದಾರೆ. ವಾಲಗದವರಿಗೆ ಇಂಥ ಮರ್ಯಾದೆ ಎಲ್ಲಿ ಸಿಕ್ಕೀತು? ಅತಿಥಿಯನ್ನು ಬಿಟ್ಟು ಗದ್ದೆಯ ಕಡೆಗೇ ತಿರುಗಿ ಜೋರಾಗಿ ಬಾರಿಸಿದರು. ಸಿದ್ದರಾಜುವಿನ ಕೂಗು ಅದರಲ್ಲಿ ಎಲ್ಲಿ ಮುಳುಗಿತೋ. ಅವನ ಬಾಯಿ ತೆರೆದು ಮುಚ್ಚುವುದು ಮಾತ್ರ ಕಾಣುತ್ತಿತ್ತು. ಅವನ ತಂಡದವರು "ಏನಂದ್ರೀ? ಏನಂದ್ರೀ?" ಎಂದು ಅವನ ಕಡೆ ತಿರುಗಿ ತಿರುಗಿ ನೋಡುತ್ತಿದ್ದರು. ಆ ಗಳಿಗೆಯಲ್ಲಿ ಗದ್ದೆಯಲ್ಲಿದ್ದವರೆಲ್ಲ ನೀಲಾವತಿಯಷ್ಟೇ ಕಿವುಡರು. ಅಭ್ಯಾಸವಿದ್ದದ್ದು ಅವಳಿಗೆ ಮಾತ್ರ.

ತೂಗು, ತೂಗು, ತೂಗು. ಬೆನ್ನಿಗೆ ಅದು ಗಾಳಿಯ ಹಾಗೆ ಸಲೀಸಾಗಿ ಬರುತ್ತಿತ್ತು. ಅದರೊಳಗೆ ತಾಳಕ್ಕೆ ಸೇರದ ಒಂದು ಪುಟ್ಟ ನಡುಕ. ಬಹಳ ದೂರದ್ದು, ಹಗ್ಗದ ಆ ಕೊನೆಯದು. ಒಂದು ಕಾಲು ಊರುತ್ತದೆ, ತಾಳಲಾರದೆ ಎತ್ತುತ್ತದೆ, ಮತ್ತೆ ಊರುತ್ತದೆ. ನೀಲಾವತಿ ಕಾದಳು. ಅದು ಮತ್ತೆ ಎತ್ತಿದ ಕ್ಷಣದಲ್ಲಿ ಹೆಗಲಿನಿಂದ ಎರಡು ಕುಲುಕು.

ಆಮೇಲೆ ಏನಾಯಿತೆಂದು ಅವಳಿಗೆ ಸರಿಯಾಗಿ ಗೊತ್ತಿಲ್ಲ. ಏಕೆಂದರೆ ಏಳು ಜನರೂ ಅವಳ ಮೇಲೆ ಬಿದ್ದಿದ್ದರು. ಕೆಸರಿನಡಿಯಿಂದ ಅವಳನ್ನು ಎಳೆದು ತೆಗೆಯಲು ಕೈ ಕೊಟ್ಟ ಮೊದಲನೆಯವಳು ಪಾಲಿಬೆಟ್ಟದ ಸೊಸೆ. ಗೊಬ್ಬರದ ಮೂಟೆಯ ಸುದ್ದಿ ನಿಜವೇ; ಒಂದೇ ಕೈಯಲ್ಲಿ ಎತ್ತಿ ನಿಲ್ಲಿಸಿದಳು.

"ಮುಂದಿನ ವರ್ಷ ನನ್ನ ಮುಂದೆ ನಿಲ್ಲ್," ಎಂದಳು ನೀಲಾವತಿ ಕೆಸರು ಉಗುಳುತ್ತ. "ಏಳನೇ ಜಾಗ. ಕಲಿಸ್ತೆ."

ಬಾಳೆಗೊನೆ ಕೈಗೆ ಬಂದ ಮೇಲೆ, ಮೆಷಿನ್ ಕಿವಿಗೆ ಬಂದ ಮೇಲೆ, ಅವಳು ಮುತ್ತಮ್ಮನನ್ನು ಹುಡುಕಿಕೊಂಡು ಹೋದಳು. ಆಕೆ ಬದುವಿನ ಮೇಲೆ ಕೂತು ಕಾಲು ತೊಳೆಯುತ್ತಿದ್ದಳು.

"ನಿಮ್ಮ ಎಡಗಾಲಿನ ಹಿಮ್ಮಡಿಲಿ ನೋವುಂಟಲ್ಲಾ?"

ಮುತ್ತಮ್ಮ ಬೆಚ್ಚಿದಳು. "ಅಯ್ಯೋ, ಅದ್ಯಂಗ್ ಗೊತ್ತಾಯ್ತಕ್ಕ? ಮುಳ್ ಒಕ್ಕಂಡದೆ. ನಮ್ಮನೆಯವ್ರಿಗೂ ಯೋಳಿಲ್ಲ ನಾನು, ಆಡಾಕ್ ಬುಡಲ್ಲ ಅಂತ."

"ಹಗ್ಗ ಹೇಳ್ತು. ಅದು ಕೀವಾಗುವ ಮೊದ್ಲು ಡಾಕ್ಟ್ರಿಗೆ ತೋರ್ಸಿ. ಮುಂದಿನ ವರ್ಷ ಎರಡು ಕಾಲಲ್ಲೂ ಬನ್ನಿ. ಒಂದ್ ಕಾಲಿನವರ ಜೊತೆ ಗೆದ್ದೆ ಅಂದ್ರೆ ನಂಗೇನ್ ಮರ್ಯಾದೆ?"

"ಬರ್ತೀನಿ ಕಣಕ್ಕ, ನೋಡ್ಕೊಳ್ಳಿ ಆಗ," ಎಂದು ಮುತ್ತಮ್ಮ ನಕ್ಕಳು. ನೀಲಾವತಿ ಗೊನೆಯಿಂದ ಒಂದು ಚಿಪ್ಪು ಮುರಿದು ಅವಳ ಮಡಿಲಿಗೆ ಹಾಕಿದಳು.

ಈಗ ಆ ಮನೆಯ ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗವನ್ನು ಮೊಣ್ಣಪ್ಪ ವೀಣೆಯ ತಂತಿಯಷ್ಟು ಬಿಗಿಯಾಗಿ ಕಟ್ಟಿದ್ದಾನೆ. ಮೊದಲೆಲ್ಲ ಅವಳನ್ನು ಕರೆಯಲು ಅಡುಗೆಮನೆಯ ಬಾಗಿಲಲ್ಲಿ ನಿಂತು ಊರೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಈಗ ಕಾಫಿ ಆದರೆ ಜಗಲಿಯ ಕಂಬದ ಹತ್ತಿರ ಬಂದು ಹಗ್ಗವನ್ನು ಎರಡು ಸಲ ಮೀಟುತ್ತಾನೆ. ಆಚೆ ತುದಿಯಲ್ಲಿ ಸೀರೆ ಹರವುತ್ತಿರುವ ನೀಲಾವತಿ ತಿರುಗಿಯೂ ನೋಡುವುದಿಲ್ಲ. ಒಂದೇ ಒಂದು ಸಲ ಮೀಟಿ ಉತ್ತರ ಕಳಿಸುತ್ತಾಳೆ. ಇಲ್ಲಿಗೇ ತನ್ನಿ ಎಂದು ಅದರ ಅರ್ಥ. ಮೊಣ್ಣಪ್ಪ ಲೋಟ ಹಿಡಿದು ಅಂಗಳಕ್ಕೆ ಇಳಿಯುತ್ತಾನೆ.